ವಾಸಿಯಾದ ಕೈಗಳ ದೂರು: ವೆಲ್ಲೂರಿನ ಕುಷ್ಠಚಿಕಿತ್ಸೆಯ ಒಂದು ಅಧ್ಯಾಯ

ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿರುವ ಹತ್ತು ಮಂದಿ ಕುಷ್ಠರೋಗಿಗಳ ವೃತ್ತಾಂತದಲ್ಲಿ ಗ್ರೀಕ್ ಮೂಲವು ಮೂರು ಬೇರೆ ಬೇರೆ ಕ್ರಿಯಾಪದಗಳನ್ನು ಬಳಸುತ್ತದೆ. ಹತ್ತು ಮಂದಿಯೂ ಶುದ್ಧರಾದರು; ಅವರಲ್ಲೊಬ್ಬನು ತಾನು ವಾಸಿಯಾದದ್ದನ್ನು ಕಂಡನು; ಹಿಂದಿರುಗಿ ಬಂದ ಆ ಸಮಾರ್ಯದವನಿಗೆ ಸ್ವಾಮಿಯು ರಕ್ಷಣೆಯ ಅರ್ಥವೂ ಇರುವ ಮೂರನೆಯ ಪದವನ್ನು ನುಡಿದನು. ಬೈಬಲಿನ ‘ಕುಷ್ಠ’ವೂ ಇಂದಿನ ವೈದ್ಯರು ಹೇಳುವ ಕುಷ್ಠವೂ ಒಂದೇ ಅಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಆ ಮೂರು ಪದಗಳ ಅಂತರವನ್ನು ವ್ಯಾಖ್ಯಾನಗ್ರಂಥಗಳಿಗಿಂತ ಸ್ಪಷ್ಟವಾಗಿ ತೋರಿಸುವ ಒಂದು ಅಧ್ಯಾಯವು ನಮ್ಮ ನೆರೆನಾಡಿನ ವೈದ್ಯಕೀಯ ಇತಿಹಾಸದಲ್ಲಿದೆ.

ಕೊಲ್ಲಿ ಬೆಟ್ಟಗಳಲ್ಲಿ ಮಿಷನೆರಿ ದಂಪತಿಗಳ ಮಗನಾಗಿ 1914ರಲ್ಲಿ ಜನಿಸಿದ ಪಾಲ್ ಬ್ರಾಂಡ್, ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ ಬಂದರು. ಕುಷ್ಠತಜ್ಞರಾದ ರಾಬರ್ಟ್ ಕಾಕ್ರೇನ್ ಅವರನ್ನು ಕಾಣಲು ಚೆಂಗಲ್ಪಟ್ಟಿನ ಆಶ್ರಯಧಾಮಕ್ಕೆ ಹೋದಾಗ, ಬೆರಳುಗಳು ಪಂಜದಂತೆ ಮುದುಡಿದ್ದ ರೋಗಿಯೊಬ್ಬನ ಕೈಯನ್ನು ಬ್ರಾಂಡ್ ಹಿಡಿದುಕೊಂಡರು. ಆ ಹಿಡಿತವು ಅವರಿಗೆ ನೋವಾಗುವಷ್ಟು ಬಲವಾಗಿತ್ತು. ಸತ್ತಿದೆಯೆಂದು ಎಲ್ಲರೂ ಎಣಿಸಿದ್ದ ಕೈಯಲ್ಲಿ ಜೀವವಿದ್ದ ಸ್ನಾಯುಗಳಿದ್ದವು. ಕುಷ್ಠದಲ್ಲಿ ಮಾಂಸವು ತಾನಾಗಿ ಕೊಳೆತು ಬೆರಳುಗಳು ಉದುರುತ್ತವೆಂಬ ಹಳೆಯ ನಂಬಿಕೆಯನ್ನು ಅವರು ಕ್ರಮೇಣ ಅಲ್ಲಗಳೆದರು. ರೋಗಾಣುವು ನರಗಳನ್ನು ಕೆಡಿಸುತ್ತದೆ. ನೋವು ತಿಳಿಯದವನು ಬಿಸಿ ಪಾತ್ರೆಯನ್ನು ಹಿಡಿಯುತ್ತಾನೆ, ಗಾಯದ ಮೇಲೆಯೇ ನಡೆಯುತ್ತಾನೆ. ರಾತ್ರಿ ಇಲಿಗಳು ಬೆರಳನ್ನು ಕಡಿದರೂ ಎಚ್ಚರಗೊಳ್ಳುವುದಿಲ್ಲ. ಇದಕ್ಕೆ ಪರಿಹಾರವಾಗಿ ರೋಗಿಗಳಿಗೆ ಬೆಕ್ಕುಗಳನ್ನು ಕೊಟ್ಟರಂತೆ. ಚಿಕಿತ್ಸೆಯ ಇತಿಹಾಸದಲ್ಲಿ ಬೆಕ್ಕಿಗೂ ಒಂದು ಸ್ಥಾನವಿದೆ!

1948ರಲ್ಲಿ ಶಸ್ತ್ರಚಿಕಿತ್ಸೆಗಳು ಆರಂಭವಾದವು. ಚೆನ್ನಾಗಿರುವ ಸ್ನಾಯುವಿನ ಸ್ನಾಯುರಜ್ಜುವನ್ನು ನಿಷ್ಕ್ರಿಯ ಸ್ನಾಯುವಿನ ಕೆಲಸಕ್ಕೆ ಹೊಂದಿಸಿ ಜೋಡಿಸಲಾಯಿತು. ಮುದುಡಿದ ಬೆರಳುಗಳು ತೆರೆದುಕೊಂಡವು. ಅದೇ ಕಾಲದಲ್ಲಿ ಬಳಕೆಗೆ ಬಂದಿದ್ದ ಸಲ್ಫೋನ್ ಔಷಧಗಳು ರೋಗಾಣುವನ್ನು ಅಡಗಿಸುತ್ತಿದ್ದವು. ವೈದ್ಯಶಾಸ್ತ್ರದ ಅಳತೆಯಲ್ಲಿ ಅಲ್ಲಿಗೆ ಕೆಲಸ ಮುಗಿದಿತ್ತು.

ಆದರೆ ಹೀಗೆ ಗುಣ ಹೊಂದಿ ಹೋದವರು ಹಿಂದಿರುಗಿ ಬಂದರು, ಸ್ತೋತ್ರಕ್ಕಾಗಿಯಲ್ಲ, ದೂರು ಹೇಳಲು. ಮುದುಡಿದ ಕೈಗೆ ಭಿಕ್ಷೆಯಾದರೂ ಬೀಳುತ್ತಿತ್ತು. ನೆಟ್ಟಗಾದ ಕೈಯನ್ನು ಕಂಡು ಯಾರೂ ಕನಿಕರಿಸುತ್ತಿರಲಿಲ್ಲ. ಅದೇ ಕೈಗೆ ಕೂಲಿ ಕೊಡಲು ಸಹ ಯಾರೂ ಸಿದ್ಧರಿರಲಿಲ್ಲ, ರೋಗದ ಹೆಸರು ಹಾಗೆಯೇ ಅಂಟಿಕೊಂಡಿತ್ತು.

ಈ ದೂರನ್ನು ಕೃತಘ್ನತೆಯೆಂದು ತಳ್ಳಿಬಿಡುವುದು ಸುಲಭವಾಗಿತ್ತು. ಬ್ರಾಂಡ್ ಮತ್ತು ಸಂಗಡಿಗರು ಹಾಗೆ ಮಾಡಲಿಲ್ಲ. ಅವರು ನವಜೀವ ನಿಲಯವೆಂಬ ಚಿಕ್ಕ ವಸತಿಯನ್ನು ಆರಂಭಿಸಿದರು. ಅಲ್ಲಿ ಮರಗೆಲಸವನ್ನೂ ಆಟಿಕೆ ತಯಾರಿಕೆಯನ್ನೂ ಕಲಿಸಲಾಯಿತು. ಸ್ಪರ್ಶಜ್ಞಾನವಿಲ್ಲದ ಕೈಯಿಂದ ಗಾಯವಾಗದಂತೆ ಉಳಿಯನ್ನು ಹಿಡಿಯುವುದು ಹೇಗೆಂಬುದನ್ನು ವೈದ್ಯನೂ ರೋಗಿಯೂ ಕೂಡಿಯೇ ಕಂಡುಕೊಳ್ಳಬೇಕಾಯಿತು. ಮಿಷನ್ ಚರಿತ್ರೆಗಳು ಇದನ್ನು ಉಪಕಾರಿಯಾದ ವೈದ್ಯನ ಕಥೆಯಾಗಿ ಹೇಳುತ್ತವೆ. ನಮ್ಮ ದೃಷ್ಟಿಯಲ್ಲಿ ಇದು, ಸ್ವಸ್ಥತೆಯೆಂದರೇನೆಂಬುದನ್ನು ರೋಗಿಯೇ ವೈದ್ಯನಿಗೆ ಕಲಿಸಿದ ಕಥೆ.

ಸಭೆಯು ಅದನ್ನು ಕಲಿತಿತೇ? 1874ರಲ್ಲಿ ವೆಲ್ಸ್‌ಲಿ ಬೈಲಿ ಆರಂಭಿಸಿದ ಕುಷ್ಠಸೇವೆಯು ಸಾವಿರಾರು ಮಂದಿಗೆ ಆಸರೆಯಾಯಿತು. ಆದರೆ ನಿರ್ಗತಿಕ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶವಿತ್ತ 1898ರ ಕಾಯಿದೆಯ ಕಾಲದಲ್ಲಿ ಮಿಷನ್ನಿನ ಆಶ್ರಯಧಾಮಗಳೂ ಪ್ರತ್ಯೇಕತೆಯ ಗೋಡೆಗಳೇ ಆಗಿದ್ದವು. ನಮ್ಮ ಪ್ರಸಂಗಪೀಠಗಳಲ್ಲಿ ಕುಷ್ಠವು ಇಂದಿಗೂ ಪಾಪಕ್ಕೆ ಸಿದ್ಧವಾಗಿರುವ ಉಪಮೆ. ಎದುರಿನ ಸಾಲಿನಲ್ಲಿ ಆ ರೋಗದಿಂದ ಗುಣ ಹೊಂದಿದವರೊಬ್ಬರು ಕುಳಿತಿರಬಹುದೆಂದು ನಾವು ಯೋಚಿಸುವುದೇ ಇಲ್ಲ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬಹೌಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಈ ರೋಗವು ಸಂಪೂರ್ಣವಾಗಿ ಗುಣವಾಗುವಂಥದ್ದೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಅದಾಗಿ ಇಪ್ಪತ್ತು ವರ್ಷಗಳ ನಂತರ, 2001ರಲ್ಲಿ, ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯನ್ನು ತಿದ್ದುವಾಗ, ಗುಣವಾಗದ ಉಗ್ರ ಕುಷ್ಠವನ್ನು ವಿವಾಹವಿಚ್ಛೇದನಕ್ಕೆ ಕಾರಣವೆಂದು 10ನೆಯ ಕಲಮಿನಲ್ಲಿ ಸೇರಿಸಲಾಯಿತು. ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಆ ನಡುವಿನ ವರ್ಷಗಳಲ್ಲೆಲ್ಲ, ರೋಗದಲ್ಲಿಯೂ ಒಬ್ಬರನ್ನೊಬ್ಬರು ಕೈಬಿಡುವುದಿಲ್ಲವೆಂಬ ವಾಗ್ದಾನವನ್ನು ದಂಪತಿಗಳಿಂದ ಯಜ್ಞವೇದಿಯ ಮುಂದೆ ಪಡೆಯುತ್ತಿದ್ದವರು ನಾವೇ.