ಮೂರು ತಿಂಗಳಲ್ಲೇ ಮುದಿಯಾಗುವ ಮೀನು

ಈ ಸಂಚಿಕೆಯನ್ನು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಮೀನಿಗೆ ಮುಪ್ಪು ಬರುತ್ತಾ?

ನಗಬೇಡಿ. ಇಪ್ಪತ್ತನೇ ಶತಮಾನದ ಅರ್ಧಭಾಗ ಕಳೆದರೂ ಇದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಪ್ಲೇಸ್ ಅಂತ ಒಂದು ಮೀನಿದೆ, ನಮ್ಮ ಕರಾವಳಿಯ ನಂಗು ಮೀನಿನ ಹಾಗೆ ಚಪ್ಪಟೆ. ಅದರ ಹೆಣ್ಣು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತೆ. ಬೆಳವಣಿಗೆ ನಿಂತ ಮೇಲೆ ತಾನೇ ಮುಪ್ಪು? ನಿಲ್ಲದೆ ಬೆಳೆಯುವ ಮೀನು ಮುದಿಯಾಗುವುದೇ ಇಲ್ಲ ಅಂತ 1932ರಲ್ಲಿ ಬ್ರಿಟನ್ನಿನ ಕಡಲಜೀವಿ ವಿಜ್ಞಾನಿ ಜಾರ್ಜ್ ಬಿಡ್ಡರ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಾದಿಸಿದರು.

ಇದನ್ನು ಪರೀಕ್ಷೆ ಮಾಡೋದು ಹೇಗೆ? ವಯಸ್ಸಾಗಿ ಸತ್ತ ಮೀನು ಸಮುದ್ರದಲ್ಲಿ ಕೈಗೆ ಸಿಗೋದಿಲ್ಲ, ಅಷ್ಟರೊಳಗೆ ಯಾರಾದರೂ ತಿಂದಿರುತ್ತಾರೆ. ಹಾಗಾಗಿ ಲಂಡನ್ನಿನ ಅಲೆಕ್ಸ್ ಕಂಫರ್ಟ್ ತೊಟ್ಟಿಯಲ್ಲಿ ಗಪ್ಪಿ ಸಾಕಿದರು. ಸೊಳ್ಳೆ ಮರಿ ತಿನ್ನಲಿ ಅಂತ ನಮ್ಮಲ್ಲಿ ಬಾವಿ, ತೊಟ್ಟಿಗೆ ಬಿಡ್ತಾರಲ್ಲ, ಅದೇ ಗಪ್ಪಿ. (ಈ ಕಂಫರ್ಟ್ ಯಾರು ಅಂದ್ರೆ, ಮುಂದೆ 1972ರಲ್ಲಿ ‘ದಿ ಜಾಯ್ ಆಫ್ ಸೆಕ್ಸ್’ ಬರೆದು ಲೋಕಪ್ರಸಿದ್ಧರಾದವರು. ಮೀನಿನ ಕೆಲಸ ಯಾರಿಗೂ ನೆನಪಿಲ್ಲ!) ಅವರು ವರ್ಷಗಟ್ಟಲೆ ಸತ್ತ ಮೀನುಗಳ ಲೆಕ್ಕ ಇಟ್ಟರು. ವಯಸ್ಸು ಏರಿದಂತೆ ಸಾವಿನ ಪ್ರಮಾಣವೂ ಏರುತ್ತಿತ್ತು, ಥೇಟ್ ಸಸ್ತನಿಗಳ ಹಾಗೆ. 1960ರ ದಶಕದ ಆರಂಭದ ಹೊತ್ತಿಗೆ ಉತ್ತರ ಸಿಕ್ಕಿತು: ಗಪ್ಪಿಗೂ ಮುಪ್ಪು ಬರುತ್ತೆ.

ಆದರೆ ತೊಂದರೆ ಇದ್ದದ್ದು ಆ ‘ವರ್ಷಗಟ್ಟಲೆ’ಯಲ್ಲೇ. ಮುಪ್ಪನ್ನು ಅಧ್ಯಯನ ಮಾಡುವವನಿಗೂ ಮುಪ್ಪು ಬರುತ್ತಲ್ಲ! ಹುಳ, ನೊಣಗಳು ಬೇಗ ಸಾಯುತ್ತವೆ ನಿಜ, ಆದರೆ ಅವಕ್ಕೆ ಬೆನ್ನುಮೂಳೆ ಇಲ್ಲ, ನಮ್ಮಂಥ ರೋಗನಿರೋಧಕ ವ್ಯವಸ್ಥೆಯೂ ಇಲ್ಲ. ಇಲಿಗೆ ಎರಡು ಮೂರು ವರ್ಷ ಕಾಯಬೇಕು. ಬೆನ್ನುಮೂಳೆಯೂ ಇದ್ದು ಬೇಗ ಮುದಿಯಾಗುವ ಪ್ರಾಣಿ ಬೇಕಾಗಿತ್ತು.

ಅಮೆರಿಕದ ರಾಯ್ ವಾಲ್ಫರ್ಡ್ ಅಂಥದ್ದನ್ನೇ ಹಿಡಿದರು. ದಕ್ಷಿಣ ಅಮೆರಿಕದ ಸೈನೋಲೆಬಿಯಾಸ್ ಮೀನನ್ನು ತಣ್ಣನೆ ನೀರಲ್ಲಿ ಸಾಕಿದರೆ ಅದು ಹೆಚ್ಚು ಕಾಲ ಬದುಕುತ್ತೆ, ಬೆಳೆಯೋದೂ ಹೆಚ್ಚು ಅಂತ 1966ರಲ್ಲಿ ಲಿಯು ಜೊತೆ ಸೇರಿ ತೋರಿಸಿದರು. ಆಮೇಲೆ ಈ ದಾರಿಯಲ್ಲಿ ಹೆಚ್ಚು ಜನ ನಡೆಯಲಿಲ್ಲ. ವಾಲ್ಫರ್ಡ್ ಕೂಡ ಇಲಿಗಳ ಕಡೆಗೆ, ಕಡಿಮೆ ಊಟದ ಕಡೆಗೆ ಹೊರಳಿದರು.

ಈಗ ಜಿಂಬಾಬ್ವೆಗೆ ಹೋಗೋಣ. ಗೊನರೆಝೌ ಕಾಡಿನಲ್ಲಿ ಮಳೆ ಬಂದಾಗ ಹೊಂಡಗಳು ತುಂಬುತ್ತವೆ, ಕೆಲವೇ ತಿಂಗಳಲ್ಲಿ ಒಣಗುತ್ತವೆ. 1968ರಲ್ಲಿ ರಿಚರ್ಡ್ ಫರ್ಜರ್ ಅಲ್ಲಿ ಒಂದು ಪುಟ್ಟ ಮೀನು ಹಿಡಿದರು. 1971ರಲ್ಲಿ ಅದಕ್ಕೆ ನೋಥೋಬ್ರಾಂಕಿಯಸ್ ಫರ್ಜರಿ ಅಂತ ಹೆಸರಾಯಿತು. ಇದು ಕಿಲ್ಲಿಫಿಶ್ ಜಾತಿ. ‘ಕಿಲ್’ ಅಂದರೆ ಕೊಲ್ಲೋದಲ್ಲ, ಡಚ್ ಭಾಷೆಯಲ್ಲಿ ತೊರೆ. ಹೊಂಡ ಬತ್ತಿದಾಗ ದೊಡ್ಡ ಮೀನೆಲ್ಲ ಸಾಯುತ್ತವೆ, ಮಣ್ಣಲ್ಲಿ ಹುದುಗಿದ ಮೊಟ್ಟೆ ಮಾತ್ರ ಮುಂದಿನ ಮಳೆಗೆ ಕಾಯುತ್ತೆ.

ಆ ಮೀನಿನ ಸಂತತಿಯನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಸಿದ್ದು ಯಾವ ಪ್ರಯೋಗಾಲಯವೂ ಅಲ್ಲ, ಮನೆಯಲ್ಲಿ ಅಕ್ವೇರಿಯಂ ಇಟ್ಟುಕೊಂಡ ಹವ್ಯಾಸಿಗಳು. ಈ ಹವ್ಯಾಸಿಗಳು ಒದ್ದೆ ಪೀಟ್ ಮಣ್ಣಿನಲ್ಲಿ ಮೊಟ್ಟೆ ಇಟ್ಟು ಅಂಚೆಯಲ್ಲಿ ಕಳಿಸಿಕೊಳ್ಳುತ್ತಾರೆ. ಬಹುತೇಕ ಬೇರೆ ಮೀನುಗಳಲ್ಲಿ ಇದು ಸಾಧ್ಯವಿಲ್ಲ. 2003ರಲ್ಲಿ ಅಂಥದೇ ಹವ್ಯಾಸಿ ಸ್ಟೆಫಾನೊ ವಾಲ್ಡೆಸಾಲಿಚಿ, ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ಚೆಲ್ಲೆರಿನೊ ಜೊತೆ ಸೇರಿ ಪ್ರಕಟಿಸಿದ ವಿಷಯ ಇಷ್ಟು: ಹೊಂಡ ಒಣಗದಿದ್ದರೂ, ಹೊಟ್ಟೆ ತುಂಬ ಊಟ ಸಿಕ್ಕರೂ, ತೊಟ್ಟಿಯಲ್ಲಿ ಈ ಮೀನಿನ ಆಯಸ್ಸು ಸುಮಾರು ಮೂರು ತಿಂಗಳು. ಅಷ್ಟರಲ್ಲೇ ಬಣ್ಣ ಮಾಸುತ್ತೆ, ಬೆನ್ನು ಬಾಗುತ್ತೆ, ಕಲಿಯುವ ಶಕ್ತಿ ಕುಂದುತ್ತೆ.

ಅಲ್ಲಿಂದ ವೇಗ ಹೆಚ್ಚಿತು. 2006ರಲ್ಲಿ ದಾರಿಯೊ ವಾಲೆನ್ಸಾನೊ ಮತ್ತು ಸಂಗಡಿಗರು ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್ ಕೊಟ್ಟು ಮೀನಿನ ಆಯಸ್ಸು ಹೆಚ್ಚಿಸಿದರು. 2015ರಲ್ಲಿ ಎರಡು ತಂಡಗಳು, ಒಂದು ಸ್ಟ್ಯಾನ್‌ಫರ್ಡ್‌ನದು, ಇನ್ನೊಂದು ಜರ್ಮನಿಯ ಯೆನಾದ್ದು, ಇಡೀ ಜೀನೋಮ್ ಓದಿದವು. 2017ರಲ್ಲಿ ಎಳೆಯ ಮೀನಿನ ಕರುಳಿನ ಬ್ಯಾಕ್ಟೀರಿಯಾ ಪಡೆದ ನಡುವಯಸ್ಸಿನ ಮೀನುಗಳು ಹೆಚ್ಚು ಕಾಲ ಬದುಕಿದವು.

ಇಲ್ಲಿ ಸ್ವಲ್ಪ ತಡೆಯಬೇಕು ಅಂತ ನನಗನ್ನಿಸುತ್ತೆ. ಮಾಮೂಲಿ ಆಹಾರ ತಿನ್ನುವ ಇಲಿಗಳಿಗೆ ರೆಸ್ವೆರಟ್ರಾಲ್ ಕೊಟ್ಟಾಗ ಆಯಸ್ಸು ಹೆಚ್ಚಲಿಲ್ಲ, ಆದರೂ ಅದರ ಮಾತ್ರೆಗಳು ಅಂಗಡಿಯಲ್ಲಿ ಮಾರಾಟವಾಗ್ತಾನೇ ಇವೆ. ಇನ್ನೂ ಒಂದು ವಿಷಯ ಇದೆ. ಮೊಜಾಂಬಿಕ್‌ನಿಂದ ಹೊಸದಾಗಿ ತಂದ ಅದೇ ಜಾತಿಯ ಮೀನುಗಳು ಪ್ರಯೋಗಾಲಯದಲ್ಲಿ ಗೊನರೆಝೌ ಮೀನಿಗಿಂತ ಹೆಚ್ಚು ಕಾಲ ಬದುಕಿದವು. ಹಾಗಾದರೆ ಆ ಮೂರು ತಿಂಗಳಲ್ಲಿ ನಿಜವಾದ ಮುಪ್ಪು ಎಷ್ಟು, ಅಕ್ವೇರಿಯಂನಲ್ಲಿ ತಲೆಮಾರುಗಟ್ಟಲೆ ಒಳಸಂಬಂಧದಲ್ಲೇ ಬೆಳೆಸಿದ್ದರ ಪರಿಣಾಮ ಎಷ್ಟು? ಗೊನರೆಝೌ ಬಯಲು ಹೆಚ್ಚು ಒಣ, ಹೊಂಡಗಳು ಬೇಗ ಬತ್ತುತ್ತವೆ, ಅದಕ್ಕೇ ಅಲ್ಲಿನ ಮೀನಿಗೆ ಸಣ್ಣ ಆಯಸ್ಸು ಅನ್ನೋದು ಒಂದು ಉತ್ತರ. ನನಗೆ ಅದು ಅರ್ಧ ಉತ್ತರ ಮಾತ್ರ ಅನ್ನಿಸುತ್ತೆ.

ಕೊನೆಗೆ ಮೊಟ್ಟೆಯ ವಿಷಯ. ಒಣಮಣ್ಣಿನಲ್ಲಿ ಭ್ರೂಣ ತನ್ನ ಬೆಳವಣಿಗೆ ನಿಲ್ಲಿಸಿ, ತಾಯಿಯ ಇಡೀ ಆಯಸ್ಸಿಗಿಂತ ಹೆಚ್ಚು ಕಾಲ ಕಾಯಬಲ್ಲದು. 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ಆ್ಯನ್ ಬ್ರೂನೆ ತಂಡ ಲೆಕ್ಕ ಹಾಕಿ ನೋಡಿತು: ಹಾಗೆ ಕಾದು ಹುಟ್ಟಿದ ಮೀನಿನ ಮುಂದಿನ ಆಯಸ್ಸಿನಲ್ಲಿ ಏನೂ ಕಡಿತವಾಗಿರಲಿಲ್ಲ.