ನೆಕ್ಕರ್ ದಂಡೆಯ ಟ್ಯೂಬಿಂಗನ್

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್ನಿನಲ್ಲಿ. ಬೃಹತ್ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದೂ ಅಲ್ಲಿಯೇ. ನೈರುತ್ಯ ಜರ್ಮನಿಯಲ್ಲಿ ನೆಕ್ಕರ್ ನದಿಯ ದಂಡೆಯ ಮೇಲಿರುವ ಈ ಊರಿನ ಜನಸಂಖ್ಯೆ ಇಂದಿಗೂ ಒಂದು ಲಕ್ಷ ಮುಟ್ಟಿಲ್ಲ. ನದಿಯಲ್ಲಿ ಸರಕಿನ ಹಡಗುಗಳು ಇಷ್ಟು ಮೇಲಕ್ಕೆ ಬರುವುದಿಲ್ಲ. ಉದ್ದನೆಯ ಗಳುವಿನಿಂದ ನೂಕುವ ಚಪ್ಪಟೆ ದೋಣಿಗಳದೇ ಇಲ್ಲಿ ಕಾರುಬಾರು. ಊರನ್ನು ಬೆಳೆಸಿದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ವಿದ್ಯೆ.

1477ರಲ್ಲಿ ಇಲ್ಲಿ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವನು ವುರ್ಟೆಂಬರ್ಗಿನ ದೊರೆ ಎಬರ್‌ಹಾರ್ಡ್. ಯಹೂದಿಗಳು ಊರಿನಲ್ಲಿ ಇರಕೂಡದೆಂದು ಅದೇ ವರ್ಷ ಕಟ್ಟಳೆ ಮಾಡಿದವನೂ ಅವನೇ.

ಪಾದ್ರಿಗಳನ್ನು ತಯಾರಿಸಲು 1536ರಲ್ಲಿ 'ಸ್ಟಿಫ್ಟ್' ಎಂಬ ವಿದ್ಯಾರ್ಥಿನಿಲಯ ಆರಂಭವಾಯಿತು. ಅಲ್ಲಿ ಓದಿದ ಕೆಪ್ಲರ್ ಗ್ರಹಗಳ ಬೆನ್ನು ಹತ್ತಿದ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೆಗೆಲ್, ಶೆಲ್ಲಿಂಗ್, ಹೋಲ್ಡರ್ಲಿನ್ ಒಂದೇ ಕೋಣೆಯಲ್ಲಿದ್ದರು. ಮೊದಲಿಬ್ಬರು ದಾರ್ಶನಿಕರು, ಮೂರನೆಯವನು ಕವಿ. ಮೂವರಲ್ಲಿ ಒಬ್ಬನೂ ಪಾದ್ರಿಯಾಗಲಿಲ್ಲ!

ಹೋಲ್ಡರ್ಲಿನ್‌ನ ಪಾಲಿಗೆ ಟ್ಯೂಬಿಂಗನ್ ಮತ್ತೊಮ್ಮೆ ಬಂತು. ಬುದ್ಧಿಭ್ರಮಣೆಯಾಗಿ 1806ರಲ್ಲಿ ಅವನನ್ನು ಇಲ್ಲಿನ ಆಸ್ಪತ್ರೆಗೆ ತಂದರು. ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ವೈದ್ಯರು ಕೈಚೆಲ್ಲಿದರು. ಅವನ ಕಾದಂಬರಿಯನ್ನು ಓದಿ ಮೆಚ್ಚಿದ್ದ ಬಡಗಿ ಅರ್ನ್‌ಸ್ಟ್ ಜಿಮ್ಮರ್ 1807ರಲ್ಲಿ ಕವಿಯನ್ನು ತನ್ನ ಮನೆಗೆ ಕರೆದೊಯ್ದ. ನದಿಗೆ ಮುಖ ಮಾಡಿದ ಆ ಮನೆಯ ಗೋಪುರದ ಕೋಣೆಯಲ್ಲಿ ಹೋಲ್ಡರ್ಲಿನ್ ಕಳೆದದ್ದು ಮೂರಲ್ಲ, ಮೂವತ್ತಾರು ವರ್ಷ. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ಲೋಟೆ ಆರೈಕೆ ಮುಂದುವರಿಸಿದಳು. ಊರಿನ ಪಂಡಿತರೆಲ್ಲರ ಕೀರ್ತಿಯ ಜೊತೆಗೆ ಈ ಬಡಗಿಯ ಮನೆಯದನ್ನೂ ಎಣಿಸಬೇಕು. ಮೋಗ್ಲಿಂಗ್ ಸ್ಟಿಫ್ಟಿನಲ್ಲಿ ಓದುತ್ತಿದ್ದಾಗ ಕವಿ ಅಲ್ಲೇ ಹತ್ತಿರದಲ್ಲಿದ್ದ. ಅವನು ತೀರಿಕೊಂಡದ್ದು 1843ರ ಜೂನ್ 7ರಂದು. ಮಂಗಳೂರಿನಲ್ಲಿ ಆ ಮೊದಲ ಪತ್ರಿಕೆ ಹೊರಬಿದ್ದದ್ದು ಜುಲೈ 1ರಂದು.

ಗುಡ್ಡದ ಮೇಲಿನ ಕೋಟೆಯ ಅಡುಗೆಮನೆ ಮುಂದೆ ಪ್ರಯೋಗಾಲಯವಾಯಿತು. ಗಾಯದ ಪಟ್ಟಿಗಳ ಕೀವಿನಿಂದ ಫ್ರೀಡ್ರಿಕ್ ಮೀಷರ್ 1869ರಲ್ಲಿ ಬೇರ್ಪಡಿಸಿದ ವಸ್ತುವನ್ನೇ ಇಂದು ಡಿಎನ್‌ಎ ಎನ್ನುತ್ತೇವೆ. ಕೆಳಪೇಟೆಯಲ್ಲಿ ಮಾತ್ರ ದ್ರಾಕ್ಷಿ ಬೆಳೆಗಾರರ ಬೇರೆಯದೇ ಲೋಕವಿತ್ತು. ಪ್ರೊಫೆಸರುಗಳನ್ನು ಮುಲಾಜಿಲ್ಲದೆ ಗೇಲಿ ಮಾಡುವ ಅವರ ಒರಟು ನಗೆಹನಿಗಳು ಈಗಲೂ ಪ್ರಸಿದ್ಧ.

ಎರಡನೆಯ ಮಹಾಯುದ್ಧದಲ್ಲಿ ಟ್ಯೂಬಿಂಗನ್ ಬಹುಮಟ್ಟಿಗೆ ಉಳಿದುಕೊಂಡಿತು. ಮರದ ಚೌಕಟ್ಟಿನ ಹಳೆಯ ಮನೆಗಳು ಇಂದಿಗೂ ನಿಂತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮರಳಿ ಬಂದ ಯಹೂದಿಗಳು 1882ರಲ್ಲಿ ಕಟ್ಟಿದ ಪ್ರಾರ್ಥನಾ ಮಂದಿರ ಮಾತ್ರ ಉಳಿಯಲಿಲ್ಲ. ಅದನ್ನು ಸುಟ್ಟದ್ದು ಶತ್ರುಗಳ ಬಾಂಬಲ್ಲ. 1938ರ ನವೆಂಬರಿನ ಒಂದು ರಾತ್ರಿ ಊರಿನ ನಾಜಿಗಳೇ ಬೆಂಕಿಯಿಟ್ಟರು. ಆ ಜಾಗದಲ್ಲಿ ಸ್ಮಾರಕ ಎದ್ದದ್ದು 2000ದಲ್ಲಿ.