ಅರ್ಧ ಟನ್ ಹೊತ್ತವರು

ವಿಜಯನಗರ, ಬಸವೇಶ್ವರನಗರದ ಪಾರ್ಕಿಂಗ್‌ಗಳಲ್ಲಿ ಈಗ ಥಾರ್‌ಗಳದ್ದೇ ದರ್ಬಾರು. ಅವುಗಳಲ್ಲಿ ಎಷ್ಟೋ ಗಾಡಿಗಳು ಕಂಡಿರುವ ಅತಿ ಕಷ್ಟದ ದಾರಿ ಅಂದ್ರೆ ನಾಯಂಡಹಳ್ಳಿ ಜಂಕ್ಷನ್. ಆದರೆ ಕೆಂಗೇರಿ ದಾಟಿ ಕೆಲಸದ ಮೇಲೆ ಬೆಟ್ಟ, ಕಾಡಿಗೆ ಹೋಗುವವರೂ ಇದ್ದಾರೆ: ಬಂಡೆ ಓದುವವರು, ಹಕ್ಕಿ ಎಣಿಸುವವರು, ಕೆರೆ ನೀರಿನ ಸ್ಯಾಂಪಲ್ ಹಿಡಿಯುವವರು. ಇವರಿಗೆ ಗಾಡಿ ಶೋಕಿಯಲ್ಲ, ಸಲಕರಣೆ. ‘ಯಾವ ಗಾಡಿ ತಗೊಂಡು ಹೋಗೋಣ?’ ಅನ್ನೋ ಅವರ ಪ್ರಶ್ನೆಗೆ ಈ ಸೀಮೆಯಲ್ಲಿ 200 ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ ಎಂಬ ಕಂಪನಿ ಸರ್ಕಾರದ ಸರ್ವೇಯರ್ ಬೆಂಗಳೂರಿನ ಹತ್ತಿರ 100 ಅಡಿಯ ಉಕ್ಕಿನ ಸರಪಳಿ ಹಾಸಿ, ಸುಮಾರು ಏಳೂವರೆ ಮೈಲಿಯ ಒಂದು ಗೆರೆ ಅಳೆದ. ಮುಂದೆ ಹಿಮಾಲಯದವರೆಗೂ ಬೆಳೆದ ಮಹಾ ತ್ರಿಕೋನಮಿತಿ ಸರ್ವೇಗೆ ಇದೇ ತಾಲೀಮು. ಸರಪಳಿಯನ್ನೇನೋ ಸುಲಭವಾಗಿ ಸಾಗಿಸಬಹುದು. ಕಷ್ಟ ಶುರುವಾಗಿದ್ದು ಲಂಡನ್‌ನಿಂದ ದೊಡ್ಡ ಥಿಯೋಡೊಲೈಟ್ ಬಂದ ಮೇಲೆ.

ಬೆಟ್ಟದಿಂದ ಬೆಟ್ಟಕ್ಕೆ ಗುರಿಯಿಟ್ಟು ಕೋನ ಅಳೆಯುವ ಈ ಯಂತ್ರದ ತೂಕ ಸುಮಾರು ಅರ್ಧ ಟನ್. ಹಡಗಿನಲ್ಲಿ ಬರುವಾಗ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್‌ಗೆ ಹೋಯಿತು. ವಿಜ್ಞಾನದ ವಸ್ತು ಅಂತ ಗೊತ್ತಾದ ಮೇಲೆ ಅವರೇ ಮರ್ಯಾದೆಯಿಂದ ಮದರಾಸಿಗೆ ಕಳಿಸಿಕೊಟ್ಟರು. ಅಲ್ಲಿಂದ ಮುಂದೆ?

ಎತ್ತಿನಗಾಡಿಗೇನು ಬರವಿರಲಿಲ್ಲ. ಡೇರೆಗೂ ಅಕ್ಕಿ ಮೂಟೆಗೂ ಅದು ಸಾಕು. ಆದರೆ ಸ್ಪ್ರಿಂಗ್ ಇಲ್ಲದ ಮರದ ಚಕ್ರ ಒಂದು ಕಲ್ಲು ಹತ್ತಿ ಇಳಿದರೂ ಸಾಕು, ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೊರೆದ ಅಳತೆಯ ಬಳೆ ಅದುರುತ್ತದೆ. ಅದಕ್ಕೇ ಈ ಯಂತ್ರದ ವಾಹನ ಮನುಷ್ಯನ ಹೆಗಲಾಯಿತು. ಅದನ್ನು ಹೊರಲು ಹನ್ನೆರಡು ಆಳು ಬೇಕಿತ್ತು. ಹೀಗೆ ಬೆಟ್ಟ ಹತ್ತಿ ಇಳಿದು ಮಂಗಳೂರಿನ ಕರಾವಳಿ ತಲುಪಿದಾಗ, ಆವರೆಗೆ 400 ಮೈಲಿ ಅಂತ ನಕ್ಷೆಯಲ್ಲಿದ್ದ ಪರ್ಯಾಯ ದ್ವೀಪದ ಅಗಲ ನಿಜಕ್ಕೂ 360 ಮೈಲಿ ಅಂತ ಗೊತ್ತಾಯಿತು.

1808ರಲ್ಲಿ ತಂಜಾವೂರಿನ ದೇವಸ್ಥಾನದ ಗೋಪುರದ ಮೇಲಕ್ಕೆ ಹಗ್ಗ ಕಟ್ಟಿ ಎಳೆಯುವಾಗ ಹಗ್ಗ ತುಂಡಾಗಿ ಯಂತ್ರ ಗೋಡೆಗೆ ಬಡಿದು ನುಗ್ಗಾಯಿತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ಸುಮಾರು ಆರು ವಾರ ಅದನ್ನು ತಟ್ಟಿ ಸರಿಮಾಡಿದ. ಈ ಕಥೆ ಎಲ್ಲ ಪುಸ್ತಕದಲ್ಲೂ ಸಿಗುತ್ತೆ. ಯಂತ್ರ ಮಾಡಿದ ವಿಲಿಯಂ ಕ್ಯಾರಿಯ ಹೆಸರೂ ಸಿಗುತ್ತೆ. ಹೊತ್ತವರ ಹೆಸರು ಮಾತ್ರ ಎಲ್ಲೂ ಇಲ್ಲ.

ಜನಕ್ಕೆ ಪೆಟ್ಟಾದಾಗ ಏನಾಯಿತು ನೋಡಿ. 1819ರಲ್ಲಿ ಲ್ಯಾಂಬ್ಟನ್‌ನ ಸಹಾಯಕ ಜಾರ್ಜ್ ಎವರೆಸ್ಟ್ ಕೃಷ್ಣಾ-ಗೋದಾವರಿ ನಡುವಿನ ಕಾಡಿಗೆ ಮಳೆಗಾಲದಲ್ಲಿ ತಂಡ ಕರೆದೊಯ್ದ. ಸುಮಾರು 150 ಜನಕ್ಕೆ ಜ್ವರ ಬಂತು. ವಾಪಸ್ ತರಲು ಏನೂ ಇರಲಿಲ್ಲ. ಆನೆ, ಗಾಡಿ, ಪಲ್ಲಕ್ಕಿಗಳು ಹೈದರಾಬಾದಿನಿಂದ ಬರಬೇಕಾಯಿತು. ಅಷ್ಟರಲ್ಲಿ ಹದಿನೈದು ಜನ ಸತ್ತಿದ್ದರು.

1947ರಲ್ಲಿ ಮಹೀಂದ್ರಾ ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸೋಕೆ ಶುರುಮಾಡಿತು. ಆಮೇಲೆ ಬರಬರುತ್ತಾ ಹೆಗಲ ಮೇಲಿನ ಹೊರೆ ಚಕ್ರಕ್ಕೆ ಇಳಿಯಿತು. ‘ಜೀಪು’ ಕನ್ನಡದ ಪದವೇ ಆಗಿಹೋಯಿತು. ಹಾಗಂತ ಎಲ್ಲದಕ್ಕೂ ಜೀಪೇ ಬೇಕು ಅಂತಿಲ್ಲ. ರಾಮನಗರದ ಬಂಡೆ ನೋಡೋಕೆ ಜ್ಞಾನಭಾರತಿಯಿಂದ ಒಂದು ಟಿಟಿ ಸಾಕು, ಮೈಸೂರು ರಸ್ತೆ ಅಷ್ಟು ಚೆನ್ನಾಗಿದೆ. ಬೆಟ್ಟದ ಬುಡಕ್ಕೆ ಬೈಕೇ ವಾಸಿ. ಡಾಂಬರು ಮುಗಿದು ಮಳೆ ಹಿಡಿಯೋ ಕಡೆ ಮಾತ್ರ ನಾಲ್ಕೂ ಚಕ್ರ ತಿರುಗುವ ಗಾಡಿ ಬೇಕು.

ಲ್ಯಾಂಬ್ಟನ್ ಕಾಲದವರು ತಾವು ಸಾಗಿಸುವ ವಸ್ತುಗಳಲ್ಲಿ ತೀರಾ ನಾಜೂಕಾದದ್ದು ಯಾವುದು ಅಂತ ಕೇಳಿಕೊಂಡು ವಾಹನ ಆರಿಸಿದರು. ಪ್ರಶ್ನೆ ಸರಿಯಾಗೇ ಇತ್ತು. ಉತ್ತರದಲ್ಲಿ ಮನುಷ್ಯ ಬರಲಿಲ್ಲ ಅಷ್ಟೇ. ನೀವು ಗಾಡಿ ಬುಕ್ ಮಾಡುವಾಗ ಉಪಕರಣಕ್ಕೆ ಜಾಗ ಲೆಕ್ಕ ಹಾಕಿ, ಜನಕ್ಕೆ ಸೀಟು ಎಣಿಸಿ. ಜೊತೆಗೆ, ಯಾರಾದರೂ ಹುಷಾರು ತಪ್ಪಿದರೆ ಮಲಗಿಸಿಕೊಂಡು ಬರೋಕೆ ಒಂದು ಸಾಲು ಖಾಲಿ ಬಿಡಿ.